ಅತ್ತೆಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬೇಕು, 20 ಸಾವಿರದೊಳಗೆ. ಯಾವುದನ್ನು ನಂಬಬಹುದು?

ಬಳ್ಳಾರಿ ಕೋಟೆ ಕೆಳಗಿನವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಪೂರ್ತಿ ವಿಷಯ ಹೇಳದಿದ್ದರೆ ನೀವು ಕೊಡುವ ಸಲಹೆ ನಮ್ಮ ಮನೆಗೆ ಹೊಂದುವುದಿಲ್ಲ.

ನಮ್ಮ ಸೋದರತ್ತೆ ಕೊಪ್ಪಳದಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 72. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕನ್ನಡ ಶಾಲೆ ಟೀಚರ್ ಆಗಿದ್ದವರು. ಯಾವ ಊರಿಗೆ ವರ್ಗವಾದರೂ ಅಲ್ಲಿನ ಅಜ್ಜಿಯರ ಹತ್ತಿರ ಕೂತು ಬೀಸುವ ಪದ, ಸೋಬಾನ ಪದ ಹಾಡಿಸಿ ಬರೆದುಕೊಳ್ಳುತ್ತಿದ್ದರು. ಅಂಥ ಐದು ನೋಟ್‌ಬುಕ್ ಇವೆ. ಆ ಪದ ಹಾಡಿದವರಲ್ಲಿ ಬಹಳ ಜನ ಈಗ ಇಲ್ಲ. ಅದನ್ನೆಲ್ಲ ಕಂಪ್ಯೂಟರ್‌ನಲ್ಲಿ ತಾವೇ ಟೈಪ್ ಮಾಡಬೇಕು ಅಂತ ಅತ್ತೆ ಎರಡು ವರ್ಷದಿಂದ ಹೇಳುತ್ತಿದ್ದಾರೆ. ಡಿಟಿಪಿ ಮಾಡುವವರಿಗೆ ಕೊಡೋಣ ಅಂದೆ, ಒಪ್ಪಲಿಲ್ಲ. "ಆಕಿ ಹೆಂಗ ಅಂದಿದ್ಲೋ ಹಂಗ ಇರಬೇಕು, ಬ್ಯಾರೆಯವರು ತಪ್ಪು ಅಂತ ತಿದ್ದಿಬಿಡ್ತಾರ" ಅಂದರು. ಅವರ ಮಾತು ಸರಿ ಅನ್ನಿಸಿತು.

ಹೋದ ವರ್ಷ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಬೆರಳು ಬೆಳಗ್ಗೆ ಹೊತ್ತು ಸ್ವಲ್ಪ ಬಿಗಿಯಾಗಿರುತ್ತವೆ. ಮೊಬೈಲ್‌ನಲ್ಲಿ ವಾಟ್ಸಾಪ್ ಚೆನ್ನಾಗಿ ನಡೆಸುತ್ತಾರೆ, ಕಂಪ್ಯೂಟರ್ ಮಾತ್ರ ಮುಟ್ಟಿಲ್ಲ. ಟ್ಯಾಬ್ ಕೊಡಿಸು ಅಂತ ತಮ್ಮ ಹೇಳಿದ. ಗಾಜಿನ ಮೇಲೆ ಪುಟಗಟ್ಟಲೆ ಟೈಪ್ ಮಾಡುವುದು ಆಗುವುದಿಲ್ಲ ಅಂತ ಅತ್ತೆಯೇ ಬೇಡ ಅಂದರು.

ಈಗ ನನ್ನ ಕಣ್ಣಿಗೆ ಬಿದ್ದಿರುವುದು ಮೂರು. ಬಳ್ಳಾರಿಯ ಒಂದು ಅಂಗಡಿಯಲ್ಲಿ ಐ7 ಪ್ರೊಸೆಸರ್, 8 ಜಿಬಿ ರ‍್ಯಾಮ್, 12 ಸಾವಿರ. ಇನ್ನೊಂದು ಅಂಗಡಿಯಲ್ಲಿ ಥಿಂಕ್‌ಪ್ಯಾಡ್ ಟಿ480, 18 ಸಾವಿರ. ಮೂರನೆಯದು ಆನ್‌ಲೈನ್‌ನಲ್ಲಿ ಹೊಸದೇ, ಸೆಲೆರಾನ್ ಪ್ರೊಸೆಸರ್, 4 ಜಿಬಿ, 20 ಸಾವಿರದ ಹತ್ತಿರ ಹತ್ತಿರ. ಹೊಸದು ಅಂದರೆ ಗ್ಯಾರಂಟಿ ಇರುತ್ತದಲ್ಲ ಅಂತ ಮನಸ್ಸು ಆ ಕಡೆ ಎಳೆಯುತ್ತಿದೆ.

ಭಯ ಯಾಕೆ ಅಂದರೆ, ಮೂರು ವರ್ಷದ ಹಿಂದೆ ತಮ್ಮನಿಗೆ ಒಂದು ಜಾಹೀರಾತು ನೋಡಿ ಹಳೇ ಲ್ಯಾಪ್‌ಟಾಪ್ ತಂದಿದ್ದೆ. ಮೂರೇ ವಾರಕ್ಕೆ ಸ್ಕ್ರೀನ್ ಕಪ್ಪಾಯಿತು. ಮಾರಿದವನ ಫೋನ್ ಸ್ವಿಚ್ ಆಫ್. ಆ ದುಡ್ಡು ಹೋದದ್ದು ಹೋಯಿತು, ಅತ್ತೆ ವಿಷಯದಲ್ಲಿ ಹಾಗೆ ಆಗಬಾರದು. ಒಂದು ಸಲ ಕೆಟ್ಟು ನಿಂತರೆ ಅವರು ಮತ್ತೆ ಅದನ್ನು ಮುಟ್ಟುವುದಿಲ್ಲ.

ರಾಯಚೂರು ರಿಪೇರಿ ಅಂಗಡಿ

ನಾನು ಹದಿಮೂರು ವರ್ಷದಿಂದ ರಾಯಚೂರಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ಬಿಡಿಸಿ ಹೇಳುತ್ತೇನೆ, ನಿಧಾನ ಓದಿ.

ಆ 12 ಸಾವಿರದ ಐ7 ಬಿಟ್ಟುಬಿಡಿ. ಐ7 ಅನ್ನುವುದು ಬರೀ ಹೆಸರು. ಯಾವ ಜನರೇಶನ್, ಅಂದರೆ ಯಾವ ಪೀಳಿಗೆಯದು ಅಂತ ಕೇಳಿ. ಪ್ರೊಸೆಸರ್ ಹೆಸರಿನಲ್ಲಿ ಅಡ್ಡಗೀಟಿನ ನಂತರ ಒಂದು ಸಂಖ್ಯೆ ಇರುತ್ತದೆ. ಐ7-4600ಯು ಅಂದರೆ 4ನೇ ಜನರೇಶನ್, 2013ರ ಮಾಲು. ಐ5-8350ಯು ಅಂದರೆ 8ನೇ ಜನರೇಶನ್. 10210 ಅಂತ ಐದಂಕಿ ಇದ್ದರೆ ಮೊದಲ ಎರಡು ಅಂಕಿ ನೋಡಿ, 10ನೇ ಜನರೇಶನ್. 12 ಸಾವಿರಕ್ಕೆ ಐ7 ಕೊಡುತ್ತಾರೆ ಅಂದರೆ ಅದು ಹೆಚ್ಚುಕಡಿಮೆ ನಾಲ್ಕು, ಐದನೆಯದೇ ಆಗಿರುತ್ತದೆ. ಹಳೇ ಐ7ಗಿಂತ 8ನೇ ಜನರೇಶನ್ ಐ5 ಎಷ್ಟೋ ಮೇಲು. ತೆಳು ಲ್ಯಾಪ್‌ಟಾಪ್‌ಗೆ ಹಾಕುವ ಈ ಯು ಸಾಲಿನ ಐ5ನಲ್ಲಿ 7ನೆಯದರವರೆಗೆ ಎರಡು ಕೋರ್ (ಕೆಲಸ ಮಾಡುವ ಭಾಗ) ಇದ್ದವು, 8ನೆಯದಕ್ಕೆ ನಾಲ್ಕಾದವು. ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ 8ನೇ ಜನರೇಶನ್‌ಗೆ ಬೇಡಿಕೆ ಇರುವುದು ಅದಕ್ಕೇ.

ಇನ್ನೊಂದು ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಬೇಕಾದವರಿಗೆ ಸೆಕ್ಯೂರಿಟಿ ಅಪ್‌ಡೇಟ್ ಮಾತ್ರ ಒಂದು ವರ್ಷ ಮುಂದುವರಿಸುವ ದಾರಿ ಇಟ್ಟಿದ್ದಾರೆ, ಅದೂ 2026ರ ಅಕ್ಟೋಬರ್‌ಗೆ ಮುಗಿಯುತ್ತದೆ. ವಿಂಡೋಸ್ 11 ನಿಯಮದ ಪ್ರಕಾರ ನಡೆಯಬೇಕಾದರೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಅಥವಾ ಮೇಲಿನದು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್. ಹಳೇ ಮಷಿನ್‌ಗೆ ಅಡ್ಡದಾರಿಯಲ್ಲಿ 11 ತುಂಬಿ ಮಾರುತ್ತಾರೆ. ಅಂಗಡಿಯಲ್ಲಿ ಚಂದ ಕಾಣುತ್ತದೆ. ವರ್ಷ ಕಳೆದು ದೊಡ್ಡ ಅಪ್‌ಡೇಟ್ ಬರುವ ಹೊತ್ತಿಗೆ ಅದು ತಾನಾಗಿ ಬರುವುದಿಲ್ಲ, ಆಗ ಕೊಪ್ಪಳದಲ್ಲಿ ಯಾರು ಕೂತು ಮಾಡುತ್ತಾರೆ?

ಹೊಸ ಸೆಲೆರಾನ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಬಹಳ ಮನೆಗಳಲ್ಲಿ ದುಡ್ಡು ಹೋಗುವುದು ಅಲ್ಲೇ. ಆ ಬೆಲೆಯ ಬಹಳಷ್ಟು ಮಷಿನ್‌ಗಳಲ್ಲಿ 64 ಜಿಬಿ ಇಎಂಎಂಸಿ ಅನ್ನುವ ಸಣ್ಣ ಸಂಗ್ರಹ ಚಿಪ್ ಇರುತ್ತದೆ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬಿಚ್ಚಿ ದೊಡ್ಡದು ಹಾಕಲು ಬರುವುದಿಲ್ಲ. ವಿಂಡೋಸ್ ಕೂತ ಮೇಲೆ ಉಳಿಯುವ ಜಾಗ ಅಪ್‌ಡೇಟ್‌ಗೇ ಸಾಲುವುದಿಲ್ಲ. ರ‍್ಯಾಮ್ ಕೂಡ ಬಹಳ ಸಲ ಹಾಗೆಯೇ ಅಂಟಿರುತ್ತದೆ. ಒಂದು ಕ್ಲಿಕ್ ಮಾಡಿ ಕಾಯಬೇಕು. ಕಲಿಯುವವರಿಗೆ ಕಾಯುವುದು ದೊಡ್ಡ ತೊಂದರೆ: ತಾನು ಏನೋ ತಪ್ಪು ಒತ್ತಿದೆ ಅಂದುಕೊಂಡು ಮತ್ತೆ ನಾಲ್ಕು ಸಲ ಒತ್ತುತ್ತಾರೆ, ನಾಲ್ಕು ಕಿಟಕಿ ಒಟ್ಟಿಗೆ ತೆರೆಯುತ್ತವೆ.

ಹಾಗಾಗಿ ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಸಾಲಿನದೇ ನೋಡಿ. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೀಟ್‌ಬುಕ್ 840 ಜಿ5, ಮೂರೂ 14 ಇಂಚು, ಮೂರರಲ್ಲೂ 8ನೇ ಜನರೇಶನ್ ಸಿಗುತ್ತದೆ, ಮೂರಕ್ಕೂ ಬಿಡಿಭಾಗ ಸಿಗುತ್ತವೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಜಾಗಕ್ಕೆ ಬಂದ ವೇಗದ ಸಂಗ್ರಹ) ನಿಮ್ಮ ಅತ್ತೆಯ ಕೆಲಸಕ್ಕೆ ಸಾಕು. ಹಾರ್ಡ್ ಡಿಸ್ಕ್ ಇರುವುದು ಬಿಟ್ಟಿ ಕೊಟ್ಟರೂ ಬೇಡ. ಟಿ480ರಲ್ಲಿ ಒಂದು ಎಚ್ಚರ: ಅದರಲ್ಲಿ 1366 ಬೈ 768ರ ಮಂಕು ಸ್ಕ್ರೀನಿನದೂ ಇದೆ, 1920 ಬೈ 1080ರ ಐಪಿಎಸ್ ಸ್ಕ್ರೀನಿನದೂ ಇದೆ. ಪೊರೆ ಆಪರೇಷನ್ ಆದ ಕಣ್ಣಿಗೆ ಎರಡನೆಯದೇ ಬೇಕು. ಓರೆಯಿಂದ ನೋಡಿ, ಬಣ್ಣ ತಿರುಗಿದರೆ ಅದು ಮೊದಲನೆಯದು.

ಅಂಗಡಿಯಲ್ಲಿ ನಿಂತೇ ಮಾಡಬೇಕಾದ ಪರೀಕ್ಷೆ. ಮಷಿನ್ ಅನ್ನು ಸಮ ಮೇಜಿನ ಮೇಲಿಡಿ, ಅಲ್ಲಾಡಿದರೆ ಅಥವಾ ಟಚ್‌ಪ್ಯಾಡ್ ಮೇಲೆ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ, ಮುಟ್ಟಬೇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’, ಒಂದು ಜಾಗ ಬಿಟ್ಟು ಓರೆಗೀಟು, ‘ಬ್ಯಾಟರಿರಿಪೋರ್ಟ್’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಒಂದು ವರದಿ ಫೈಲ್ ಬರುತ್ತದೆ. ಹೊಸತಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು, ಎರಡೂ ಅದರಲ್ಲಿರುತ್ತವೆ. ಎರಡನೆಯದು ಮೊದಲಿನದರ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಿ ಕೊಡಿ ಅನ್ನಿ ಅಥವಾ ಬೆಲೆ ಇಳಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಎಸ್‌ಎಸ್‌ಡಿಯ ಆರೋಗ್ಯ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಪ್ರತಿ ಕೀ ಒತ್ತಿ ನೋಡಿ. ಎಲ್ಲ ಯುಎಸ್‌ಬಿ ತೂತಿಗೂ ಪೆನ್‌ಡ್ರೈವ್ ಹಾಕಿ, ಟೈಪ್ ಸಿ ಇದ್ದರೆ ಅದರಲ್ಲಿ ಚಾರ್ಜ್ ಆಗುತ್ತದೆಯೇ ನೋಡಿ. ಮುಚ್ಚಳವನ್ನು ಹತ್ತು ಸಲ ತೆಗೆದು ಮುಚ್ಚಿ, ಕೀಲಿನ ಹತ್ತಿರ ಕಟಕಟ ಅಂದರೆ ಬೇಡ.

ಮತ್ತೆ ಒಂದು ಮಾತ್ರ ಮರೆಯಬೇಡಿ. ನಿಮ್ಮ ಕಣ್ಣೆದುರು ಮಷಿನ್ ಪೂರ್ತಿ ರೀಸೆಟ್ ಮಾಡಿ ವೈಫೈ ಕೊಟ್ಟು ಮೊದಲಿನಿಂದ ಶುರು ಮಾಡಿಸಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಇಮೇಲ್ ಕೇಳಿದರೆ ಆ ಮಷಿನ್ ಇನ್ನೂ ಕಂಪನಿಯ ಪಟ್ಟಿಯಲ್ಲೇ ಇದೆ ಅಂತ ಅರ್ಥ. ಅಂಗಡಿಯವರು ಇಂಟರ್‌ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿ ಅದನ್ನು ಮರೆಮಾಡಿರಬಹುದು, ಮುಂದೊಂದು ದಿನ ರೀಸೆಟ್ ಮಾಡಿದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಯೋಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್) ಒಳಗೂ ಹೋಗಿ ನೋಡಿ, ಪಾಸ್‌ವರ್ಡ್ ಕೇಳಿದರೆ ಅದನ್ನು ತೆಗೆಸಿಯೇ ದುಡ್ಡು ಕೊಡಿ.

ನಮ್ಮ ಕಡೆಯ ಧೂಳು, ಬಿಸಿಲು ಬೇರೆ. ನಮ್ಮ ರಾಯಚೂರಲ್ಲಿ ಫ್ಯಾನ್ ಬಿಚ್ಚಿದರೆ ಹತ್ತಿಯ ಅರಳೆ ಬರುತ್ತದೆ, ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳಿಂದ ಬಂದದ್ದರಲ್ಲಿ ನೀಲಿ ಎಳೆ ಸುತ್ತಿಕೊಂಡಿರುತ್ತದೆ. ತಗೊಂಡ ತಕ್ಷಣ ಒಂದು ಸಲ ಫ್ಯಾನ್ ಸ್ವಚ್ಛ ಮಾಡಿಸಿ, ಪ್ರೊಸೆಸರ್ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳು ನಮ್ಮವು. ಲಿಥಿಯಂ ಬ್ಯಾಟರಿ ಬಿಸಿಗೆ ಬೇಗ ಸವೆಯುತ್ತದೆ, ಅದರಲ್ಲೂ ದಿನವಿಡೀ ಚಾರ್ಜರ್ ಹಚ್ಚಿ ನೂರಕ್ಕೆ ನೂರು ತುಂಬಿಟ್ಟರೆ. ಕಂಪನಿಯದೇ ಆ್ಯಪ್‌ನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇರುತ್ತದೆ, ಅದನ್ನು ಹಾಕಿ ಕೊಡಿ.

ಸಿಂಧನೂರು ನಾಲೆ ದಂಡೆ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಇದೇ ಮಾಲು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಅಥವಾ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎರಡು ಮೂರು ಸಾವಿರ ಕಡಿಮೆಗೆ ಸಿಗುತ್ತದೆ. ಒಂದೇ ಮಾದರಿಯ ಹತ್ತು ಮಷಿನ್ ಸಾಲಾಗಿ ಇಟ್ಟಿರುತ್ತಾರೆ, ಚೆನ್ನಾಗಿರುವುದನ್ನು ಆರಿಸಿಕೊಳ್ಳಬಹುದು. ನಾನು ಮಗಳಿಗೆ ಅಲ್ಲೇ ತಂದೆ, ಎರಡು ವರ್ಷವಾಯಿತು, ಏನೂ ತೊಂದರೆ ಇಲ್ಲ. ಒಂದು ದಿನ ರಜೆ ಹಾಕಿ ಹೋಗಿ ಬನ್ನಿ.

ಗಂಗಾವತಿಯ ಮಗಳು

ಸಿಂಧನೂರಿನ ಅಣ್ಣ, ನಿಮ್ಮ ಮಗಳಿಗೆ ಅದು ಸರಿ. ಹಿರಿಯರಿಗೆ ನಾನು ಹಾಗೆ ಮಾಡುವುದಿಲ್ಲ. ನಮ್ಮ ಅಪ್ಪನಿಗೆ 76, ನಾಲ್ಕು ವರ್ಷದಿಂದ ಹಳೇ ಲ್ಯಾಪ್‌ಟಾಪ್ ಬಳಸುತ್ತಿದ್ದಾರೆ. ನಾನೂ ಮೊದಲು ದೂರದ ಊರಿಂದಲೇ ತರಿಸಿದ್ದೆ. ಎರಡನೇ ತಿಂಗಳಿಗೆ ಚಾರ್ಜರ್ ಕೈಕೊಟ್ಟಿತು. ಗ್ಯಾರಂಟಿ ಇತ್ತು, ಆದರೆ ಮಷಿನ್ ಕೊರಿಯರ್ ಮಾಡಿ ಅಂದರು. ಕಳಿಸಿ, ಅದು ವಾಪಸ್ ಬರುವುದಕ್ಕೆ ಒಂದು ತಿಂಗಳಾಯಿತು. ಅಷ್ಟರಲ್ಲಿ ಅಪ್ಪ ಕಲಿತದ್ದೆಲ್ಲ ಮರೆತು ಮತ್ತೆ ಮೌಸ್ ಹಿಡಿಯುವುದರಿಂದ ಶುರು ಮಾಡಬೇಕಾಯಿತು. ಆ ಎರಡು ಸಾವಿರ ಉಳಿಸಿ ನಾನು ಏನು ಗಳಿಸಿದೆ? ಅಣ್ಣ, ನೀವು ಕೊಪ್ಪಳದಲ್ಲೇ ಅಥವಾ ಹೊಸಪೇಟೆಯಲ್ಲಿ ತಗೊಳ್ಳಿ, ಇಲ್ಲವೇ ನೀವೇ ಬಳ್ಳಾರಿಯಲ್ಲಿ ಇರುವುದರಿಂದ ಅಲ್ಲೇ. ಕೆಟ್ಟರೆ ಕೈಯಲ್ಲಿ ಹಿಡಿದು ಹೋಗಿ ಅಂಗಡಿಯವರ ಎದುರು ನಿಲ್ಲುವಷ್ಟು ಹತ್ತಿರ ಇರಬೇಕು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಸುಮ್ನೆ "ಲ್ಯಾಪ್‌ಟಾಪ್ ಒಂದು" ಅಂತ ಬರೆದು ಕೊಟ್ಟರೆ ಒಪ್ಪಬೇಡಿ. ಕದ್ದ ಮಾಲು ಅಲ್ಲ ಅನ್ನುವುದಕ್ಕೂ ಅದೇ ದಾಖಲೆ.

ಮಷಿನ್ ಮನೆಗೆ ಬಂದ ಮೇಲಿನ ಕೆಲಸವೇ ಜಾಸ್ತಿ. ಅತ್ತೆಯ ಕೈಗೆ ಕೊಡುವ ಮೊದಲು ನೀವು ಒಂದು ದಿನ ಕೂತು ಇದನ್ನು ಮಾಡಿ. ಅಕ್ಷರದ ಗಾತ್ರವನ್ನು ಸೆಟ್ಟಿಂಗ್‌ನಲ್ಲಿ 150ಕ್ಕೆ ಏರಿಸಿ. ಮೌಸ್ ಬಾಣವನ್ನು ದೊಡ್ಡದು ಮಾಡಿ ಬಣ್ಣ ಕೊಡಿ, ಅಪ್ಪನಿಗೆ ಹಳದಿ ಹಾಕಿದ್ದೇನೆ. ಟಚ್‌ಪ್ಯಾಡ್ ಆಫ್ ಮಾಡಿ, ವೈರ್ ಇರುವ ಮೌಸ್ ಹಚ್ಚಿ. ವೈರ್‌ಲೆಸ್ ಬೇಡ, ಸೆಲ್ ಮುಗಿದರೆ ಮಷಿನ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಡಬಲ್ ಕ್ಲಿಕ್ ವೇಗ ಕಡಿಮೆ ಮಾಡಿ, ಬೆರಳು ಬಿಗಿ ಇರುವವರಿಗೆ ಬೇಗ ಬೇಗ ಎರಡು ಸಲ ಒತ್ತಲು ಆಗುವುದಿಲ್ಲ. ಸ್ಕ್ರೀನ್ ಮೇಲೆ ಮೂರೇ ಐಕಾನ್ ಬಿಡಿ, ಉಳಿದದ್ದು ಎಲ್ಲ ತೆಗೆಯಿರಿ.

ಕ್ಯಾಮೆರಾ ವಿಷಯ. ಅಪ್ಪನದು ಟಿ480. ಅದರ ಕ್ಯಾಮೆರಾ ಮೇಲೆ ಸಣ್ಣ ಮುಚ್ಚಳ ಇದೆ, ಬೆರಳಲ್ಲಿ ಸರಿಸುವುದು. ಒಂದು ದಿನ ಒರೆಸುವಾಗ ಅದು ಸರಿದು ಮುಚ್ಚಿಕೊಂಡಿದೆ. ವಿಡಿಯೊ ಕಾಲ್‌ನಲ್ಲಿ ಅವರ ಮುಖ ಕಪ್ಪು. ಎಂಟು ದಿನ ಅಪ್ಪ ನನಗೆ ಹೇಳಲೇ ಇಲ್ಲ, ತಾವೇ ಕೆಡಿಸಿದೆ ಅಂತ ಹೆದರಿದ್ದರು. ನಾನು ಊರಿಗೆ ಹೋದಾಗ ಗೊತ್ತಾಯಿತು. ಅದಕ್ಕೇ ಹೇಳುವುದು, "ನೀವು ಒತ್ತಿ ಕೆಡಿಸುವಂಥದ್ದು ಇದರಲ್ಲಿ ಏನೂ ಇಲ್ಲ, ಏನಾದರೂ ಆದರೆ ಅವತ್ತೇ ಫೋನ್ ಮಾಡಿ" ಅಂತ ಮೊದಲ ದಿನವೇ ಹೇಳಿಬಿಡಿ. ಮತ್ತೆ ಮತ್ತೆ ಹೇಳಿ.

ಇನ್ನು ಮೋಸದ ವಿಷಯ. ಅತ್ತೆ ಒಬ್ಬರೇ ಇರುತ್ತಾರೆ ಅಂದಿರಿ. ದಿನದ ಬಳಕೆಗೆ ಅವರಿಗೆ ಸಾದಾ ಬಳಕೆದಾರರ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಆಗ ಪಾಸ್‌ವರ್ಡ್ ಇಲ್ಲದೆ ಬಹಳಷ್ಟು ತಂತ್ರಾಂಶ ಕೂರುವುದಿಲ್ಲ. ಸ್ಕ್ರೀನ್ ತುಂಬ ಕೆಂಪು ಬಂದು "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಕೂಗಿದರೆ ಆ ನಂಬರಿಗೆ ಮಾಡಬಾರದು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ನಿಮಗೆ ಫೋನ್ ಮಾಡಬೇಕು. ಈ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿ. ಬೇರೆ ಯಾರಾದರೂ ಫೋನ್‌ನಲ್ಲಿ ಇಂಥ ಆ್ಯಪ್ ಹಾಕಿ, ನಿಮ್ಮ ಸ್ಕ್ರೀನ್ ನೋಡುತ್ತೇವೆ ಅಂದರೂ ಒಪ್ಪಬಾರದು. ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಲಿಂಗಸುಗೂರು ಮೇಷ್ಟ್ರು

ನನಗೆ ಈಗ 69. ನಿಮ್ಮ ಅತ್ತೆಯ ಹಾಗೆ ನಾನೂ ಶಾಲೆಯಲ್ಲಿ ಇದ್ದವನು. ಲ್ಯಾಪ್‌ಟಾಪ್ ಯಾವುದು ಅನ್ನುವುದನ್ನು ಬಲ್ಲವರು ಹೇಳಿದ್ದಾರೆ, ನಾನು ಟೈಪಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲ ತಪ್ಪು ನಾನು ಮಾಡಿದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಎಂಬತ್ತು ಪುಟ ಹೊಡೆದದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದ ಹಾಗೆ ಕಾಣುತ್ತದೆ. ಮಗ ಪುಣೆಯಲ್ಲಿ ತೆರೆದು ಏನೂ ಓದಲಾಗಲಿಲ್ಲ ಅಂದ. ಆಮೇಲೆ ಕನ್ವರ್ಟರ್ ಹಾಕಿ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಅಕ್ಷರ ಪದ್ಧತಿ) ಮಾಡಿದೆವು, ಒತ್ತಕ್ಷರಗಳು ಅಲ್ಲಲ್ಲಿ ಹಾಳಾದವು, ಕೂತು ತಿದ್ದಿದೆ. ಅತ್ತೆ ಮೊದಲ ಅಕ್ಷರದಿಂದಲೇ ಯೂನಿಕೋಡ್‌ನಲ್ಲಿ ಬರೆಯಲಿ. ಈಗಿನ ನುಡಿಯಲ್ಲೂ ಅದಿದೆ, ಏನೂ ಹಾಕದೆ ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆಯಲ್ಲೂ ಆಗುತ್ತದೆ.

ಯಾವ ಕೀಲಿಮಣೆ ಅನ್ನುವುದು ಅವರ ಇಂಗ್ಲಿಷ್ ಮೇಲೆ ನಿಂತಿದೆ. ವಿಂಡೋಸ್‌ನ ಫೊನೆಟಿಕ್‌ನಲ್ಲಿ ಉಚ್ಚಾರವನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಕನ್ನಡ ಮಾಡಿ ಕೊಡುತ್ತದೆ. ಆದರೆ ಅದು ಶಬ್ದ ಊಹಿಸುತ್ತದೆ, ಹಳ್ಳಿ ಮಾತಿಗೆ ಅದು ಅಡ್ಡ ಬರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಊಹೆ ಇಲ್ಲ, ಒತ್ತಿದ್ದೇ ಬೀಳುತ್ತದೆ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀ ಒತ್ತಬೇಕು, ದೀರ್ಘಕ್ಕೆ ಶಿಫ್ಟ್ ಹಿಡಿಯಬೇಕು, ಅಷ್ಟೇ. ಕಾಗುಣಿತ ಕಲಿಸಿದವರಿಗೆ ಅದು ಮೂರು ದಿನದ ಕೆಲಸ. ಅತ್ತೆ "ಹಂಗ ಇರಬೇಕು" ಅಂದಿದ್ದಾರಲ್ಲ, ಅದಕ್ಕೆ ನನ್ನ ಮತ ಇದಕ್ಕೇ. ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿ ಕೊಡಿ, ಆದರೆ ಯಾವ ವಿನ್ಯಾಸದ್ದು ಅಂತ ನೋಡಿ ತಗೊಳ್ಳಿ, ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ವಿನ್ಯಾಸದ ಸ್ಟಿಕ್ಕರ್ ಬಂದರೆ ಎಲ್ಲ ಅದಲು ಬದಲು.

ಬೆರಳು ನೋವಿದ್ದ ದಿನ ಗೂಗಲ್ ಡಾಕ್ಸ್‌ನಲ್ಲಿ ಮಾತಾಡಿ ಬರೆಸಬಹುದು, ಕ್ರೋಮ್‌ನಲ್ಲಿ ಕನ್ನಡ ಆರಿಸಿದರೆ ಆಯಿತು. ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಡೆಯ ಮಾತನ್ನು ಹಿಡಿಯುವುದಿಲ್ಲ. ಪತ್ರ, ಟಿಪ್ಪಣಿಗೆ ಅದು ಸಾಕು, ಪದಗಳಿಗೆ ಬೇಡ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಲ್ಯಾಪ್‌ಟಾಪ್ ಈ ವಾರವಲ್ಲದಿದ್ದರೆ ಮುಂದಿನ ತಿಂಗಳು ಬರಲಿ. ನೀವು ನಾಳೆಯೇ ಕೊಪ್ಪಳಕ್ಕೆ ಹೋಗಿ ಆ ಐದೂ ನೋಟ್‌ಬುಕ್‌ಗಳ ಪ್ರತಿ ಪುಟದ ಫೋಟೊ ತೆಗೆಯಿರಿ. ಕಿಟಕಿ ಬೆಳಕಿನಲ್ಲಿ, ನೆರಳು ಬೀಳದ ಹಾಗೆ, ಮೇಲಿನಿಂದ ನೇರವಾಗಿ. ಫೋನ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು ಇರಲಿ. ನನ್ನ ತಂದೆಯ ಒಂದು ಪುಸ್ತಕ ಇತ್ತು, ಗಿಡಮೂಲಿಕೆ ಔಷಧದ್ದು. ಮನೆ ಸೋರಿದ ಒಂದು ರಾತ್ರಿ ಟ್ರಂಕಿನಲ್ಲೇ ಮುದ್ದೆಯಾಯಿತು. ಇನ್ನೊಂದು ವಾರದಲ್ಲಿ ಬರೆದುಕೊಳ್ಳುತ್ತೇನೆ ಅಂತ ಹತ್ತು ವರ್ಷ ಅಂದಿದ್ದೆ.

ಬಳ್ಳಾರಿ ಕೋಟೆ ಕೆಳಗಿನವ

ಮೇಷ್ಟ್ರೇ, ನಿಮ್ಮ ಮಾತು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಬೆಳಗ್ಗೆ ಕೊಪ್ಪಳಕ್ಕೆ ಹೋದೆ. ಅಂಗಡಿ ವಿಷಯ ಆಮೇಲೆ ನೋಡೋಣ ಅಂತ ಮೊದಲು ಫೋಟೊ ತೆಗೆದೆ. ಅತ್ತೆ ಪುಟ ತಿರುವುವುದು, ನಾನು ತೆಗೆಯುವುದು. ಐದು ನೋಟ್‌ಬುಕ್, 400ಕ್ಕೂ ಜಾಸ್ತಿ ಪುಟ, ಸಂಜೆಯಾಯಿತು. ಮೂರನೇ ನೋಟ್‌ಬುಕ್‌ನ ಕೊನೆಯ ಹಾಳೆಗಳನ್ನು ಹುಳು ತಿಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಅಂಗಡಿಗಳಿಗೆ ಹೋಗಿದ್ದು ಆ ವಾರದ ನಡುವೆ. ಮೊದಲ ಅಂಗಡಿಯ ಐ7 ನೋಡಿದೆ, ರಾಯಚೂರಿನವರು ಹೇಳಿದ ಹಾಗೆ 4ನೇ ಜನರೇಶನ್ನೇ. ಟಿ480 ಇದ್ದ ಅಂಗಡಿಯಲ್ಲಿ ರೀಸೆಟ್ ಮಾಡಿ ತೋರಿಸಿ ಅಂದೆ. ಬೇಡ, ಎಲ್ಲ ರೆಡಿ ಮಾಡಿ ಇಟ್ಟಿದ್ದೇವೆ ಅಂದರು. ಪಟ್ಟು ಹಿಡಿದೆ. ಮಾಡಿಸಿದಾಗ ಯಾವುದೋ ಕಂಪನಿಯ ಹೆಸರು ಬಂತು, ಇಮೇಲ್ ಕೇಳಿತು. ಅಂಗಡಿಯ ಹುಡುಗನಿಗೂ ಅದು ಗೊತ್ತಿರಲಿಲ್ಲ ಅಂತ ಅವನ ಮುಖ ನೋಡಿದರೆ ತಿಳಿಯಿತು. ನೀವು ಬರೆಯದೇ ಇದ್ದಿದ್ದರೆ ನಾನು ಅದನ್ನೇ ತಂದಿರುತ್ತಿದ್ದೆ.

ಕೊನೆಗೆ ಮೂರನೇ ಅಂಗಡಿಯಲ್ಲಿ ಲ್ಯಾಟಿಟ್ಯೂಡ್ 7490 ಸಿಕ್ಕಿತು. ಐ5-8350ಯು, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, 1920 ಬೈ 1080ರ ಸ್ಕ್ರೀನ್. ರೀಸೆಟ್ ಮಾಡಿಸಿದೆ, ಯಾವ ಹೆಸರೂ ಬರಲಿಲ್ಲ. ಬಯೋಸ್ ತೆರೆದೆ, ಪಾಸ್‌ವರ್ಡ್ ಕೇಳಲಿಲ್ಲ. ಎಸ್‌ಎಸ್‌ಡಿ ಆರೋಗ್ಯ 94. ಬ್ಯಾಟರಿ ವರದಿಯಲ್ಲಿ ಮಾತ್ರ ಹೊಸತಿದ್ದಾಗ 60 ಸಾವಿರ ಮಿಲಿವ್ಯಾಟ್ ಅವರ್, ಈಗ 37 ಸಾವಿರ ಅಂತ ಇತ್ತು. ಅದನ್ನು ತೋರಿಸಿದೆ. ಅಂಗಡಿಯವರು ವಾದ ಮಾಡಲಿಲ್ಲ, ಹೊಸ ಬ್ಯಾಟರಿ ಹಾಕಿ, ಫ್ಯಾನ್ ಸ್ವಚ್ಛ ಮಾಡಿ, ಪೇಸ್ಟ್ ಬದಲಿಸಿ ಒಟ್ಟು 18,500ಕ್ಕೆ ಕೊಟ್ಟರು. ಆರು ತಿಂಗಳ ಗ್ಯಾರಂಟಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.

ಒಂದು ದಿನ ನನ್ನ ಹತ್ತಿರವೇ ಇಟ್ಟುಕೊಂಡು ಗಂಗಾವತಿ ಅಕ್ಕ ಹೇಳಿದ್ದೆಲ್ಲ ಮಾಡಿದೆ. ಬಾಣಕ್ಕೆ ಹಳದಿ ಹಾಕಿದ್ದೆ, ಅತ್ತೆ ಕೆಂಪು ಮಾಡು ಅಂದರು. ವೈರಸ್ ಸಾಲನ್ನು ಬರೆದು ಅಂಟಿಸಿದ್ದೇನೆ, ಕೆಳಗೆ ನನ್ನ ನಂಬರ್.

ರಾಯಚೂರು ರಿಪೇರಿ ಅಂಗಡಿ

ಒಳ್ಳೆಯ ಮಾಲು ಸಿಕ್ಕಿದೆ. ಎರಡು ಮಾತು. ಚಾರ್ಜರ್ ಕೆಟ್ಟರೆ ಅಗ್ಗದ್ದು ತರಬೇಡಿ, ಡೆಲ್ ಮಷಿನ್ ತನ್ನದಲ್ಲದ ಅಡಾಪ್ಟರ್ ಗುರುತಿಸದಿದ್ದರೆ ಬ್ಯಾಟರಿ ತುಂಬುವುದಿಲ್ಲ, ವೇಗವನ್ನೂ ಇಳಿಸಿಬಿಡುತ್ತದೆ. ಜನ ಅದನ್ನೇ ಬೋರ್ಡ್ ಹೋಯಿತು ಅಂದುಕೊಂಡು ಬರುತ್ತಾರೆ. ಮತ್ತೆ ಕರೆಂಟ್ ಹೋಗಿ ಬರುವಾಗ ಏರುಪೇರು ಇರುತ್ತದೆ, ಸರ್ಜ್ ತಡೆಯುವ ಎಕ್ಸ್‌ಟೆನ್ಷನ್ ಬಾಕ್ಸ್ ಒಂದು ತಂದುಕೊಡಿ. ಗುಡುಗು ಮಳೆ ಬಂದರೆ ಪ್ಲಗ್ ಕಿತ್ತಿಡಲಿ.

ಮೂರನೇ ನೋಟ್‌ಬುಕ್ ಏನಾಯಿತು?

ಬಳ್ಳಾರಿ ಕೋಟೆ ಕೆಳಗಿನವ

ಬಾಕ್ಸ್ ನಾಳೆ ತರುತ್ತೇನೆ ಅಣ್ಣ.

ಅತ್ತೆ ಈಗ ನುಡಿಯಲ್ಲೇ ಹೊಡೆಯುತ್ತಿದ್ದಾರೆ, ಯೂನಿಕೋಡ್‌ನಲ್ಲಿ. ಮೊದಲ ಪದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು, ಹನ್ನೆರಡು ಸಾಲು. ಒಮ್ಮೆ ಮಾತಾಡಿ ಬರೆಸಿ ನೋಡಿದರು. ಮೇಷ್ಟ್ರು ಹೇಳಿದ ಹಾಗೆ ಹಳ್ಳಿ ಮಾತನ್ನೆಲ್ಲ ಪೇಟೆ ಮಾತು ಮಾಡಿ ಹಾಕಿತು. ಪೂರ್ತಿ ಅಳಿಸಿ ಮತ್ತೆ ಕೈಯಲ್ಲೇ ಹೊಡೆದರು. ದಿನಕ್ಕೆ ಒಂದು ಪದ ಅಂತ ಲೆಕ್ಕ ಇಟ್ಟುಕೊಂಡಿದ್ದಾರೆ, ಬೆಳಗ್ಗೆ ಬೆರಳು ಬಿಗಿ ಇರುವುದರಿಂದ ಮೂರು ಗಂಟೆಯ ಮೇಲೆ ಕೂರುತ್ತಾರೆ.

ಮೂರನೇ ನೋಟ್‌ಬುಕ್‌ನ ಹುಳು ತಿಂದ ಪುಟದಲ್ಲಿ ಕುಷ್ಟಗಿ ಕಡೆಯ ಒಬ್ಬ ಅಜ್ಜಿ ಹೇಳಿದ ಬೀಸುವ ಪದ ಇತ್ತು. ಓದಲು ಆಗದ ಸಾಲುಗಳನ್ನು ಅತ್ತೆ ಕಣ್ಣು ಮುಚ್ಚಿ, ಕೈಯನ್ನು ಕಲ್ಲು ತಿರುಗಿಸುವ ಹಾಗೆ ಆಡಿಸುತ್ತಾ ಹಾಡಿ ನೆನಪಿಸಿಕೊಂಡರು. ನಾನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಎರಡು ಸಾಲು ಮಾತ್ರ ಎಷ್ಟು ಹಾಡಿದರೂ ಬರಲಿಲ್ಲ. ನೀವೇ ಏನಾದರೂ ಸೇರಿಸಿ ಅತ್ತೆ, ನಿಮಗೆ ರಾಗ ಗೊತ್ತಲ್ಲ ಅಂದೆ. ತಲೆ ಅಲ್ಲಾಡಿಸಿದರು. ಆ ಎರಡು ಸಾಲಿನ ಜಾಗದಲ್ಲಿ ಚುಕ್ಕಿ ಹೊಡೆದು ಮುಂದಿನ ಸಾಲಿಗೆ ಹೋದರು.